ಹೋಗಲು ಎರಡೂಕಾಲು ಗಂಟೆ, ಬರಲು ಕಾಲು ಗಂಟೆ

ಬೆಲ್ಮೀರುವಿನಂಥ ಒಣಜಂಬದ ಇನ್ನೊಬ್ಬ ಮನುಷ್ಯನನ್ನು ಪೋರ್ಚುಗಲ್ಲಿನ ನಮ್ಮ ಪೋರ್ಟೊ ಊರಿನಲ್ಲಿ ನಾನು ಕಂಡಿಲ್ಲ. ಎಂಬತ್ತರ ದಶಕದಲ್ಲಿ ಅವನು ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದ. ಒಮ್ಮೆಯೂ ವಿಮಾನ ಹತ್ತಿದವನಲ್ಲ. ಆದರೂ ನನ್ನ ಕಾಫಿ ಅಂಗಡಿಯಲ್ಲಿ ಕೂತು ಯಾವ ಊರು ಎಷ್ಟು ದೂರ, ಹಾರಲು ಎಷ್ಟು ಹೊತ್ತು ಎಂದು ಎಲ್ಲರ ತಲೆ ತಿನ್ನುತ್ತಿದ್ದ.

“ಮ್ಯಾಡ್ರಿಡ್ ಇರೋದು ನಾನೂರು ಚಿಲ್ಲರೆ ಕಿಲೋಮೀಟರ್. ಹೋಗೋಕೆ ಎರಡೂಕಾಲು ಗಂಟೆ, ಬರೋಕೆ ಕಾಲೇ ಗಂಟೆ. ಹೊರಡೋ ಟೈಮು, ಇಳಿಯೋ ಟೈಮು ನಿಲ್ದಾಣದ ಬೋರ್ಡಲ್ಲೇ ಹಾಕಿದ್ದಾರೆ, ಬೇಕಾದ್ರೆ ಲೆಕ್ಕ ಹಾಕ್ಕೊಳ್ಳಿ.”

“ಅದ್ಹೆಂಗಯ್ಯಾ?” ಎಂದು ಅಂಚೆಯ ಅಬೀಲಿಯು ಬೇಕೆಂದೇ ಕೆಣಕುತ್ತಿದ್ದ.

“ಮ್ಯಾಡ್ರಿಡ್ ಎತ್ತರದಲ್ಲಿದೆ ಕಣೋ. ಹೋಗ್ತಾ ಏರು, ಬರ್ತಾ ಇಳಿಜಾರು!”

ನನಗೆ ಮೈಯೆಲ್ಲ ಉರಿಯುತ್ತಿತ್ತು. “ಅವರ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ ಕಣ್ರೀ. ಎರಡೂ ಕಡೆ ಒಂದೂಕಾಲು ಗಂಟೆನೇ.”

“ದೋನಾ ಒತೀಲಿಯಾ, ಸ್ಪೇನಿನವರು ಮುಳ್ಳು ತಿರುಗಿಸಿದ್ರೆ ಸೂರ್ಯ ಅವರ ಮಾತು ಕೇಳ್ತಾನಾ?” ಎಂದು ಮಣಿಕಟ್ಟು ಎತ್ತಿ ತೋರಿಸುತ್ತಿದ್ದ. “ಇದು ಪೋರ್ಚುಗಲ್ ಗಡಿಯಾರ. ಗಡಿ ದಾಟಿದ್ರೂ ಬದಲಾಗಲ್ಲ.”

ಇಂಥವನಿಗೆ ಲುಸಿಂದಾಳಂಥ ಮಗಳು. ತಾಯಿಯಿಲ್ಲದ ಹುಡುಗಿ, ಚರ್ಚಿನಲ್ಲಿ ಅವಳ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು ನಾನು. ಮ್ಯಾಡ್ರಿಡ್‌ನಲ್ಲಿ ಕೆಲಸಕ್ಕಿದ್ದವಳಿಗೆ ಅಲ್ಲಿಯ ಹುಡುಗನೊಂದಿಗೇ ಮದುವೆ ಗೊತ್ತಾಯಿತು. ಅವಳದು ಒಂದೇ ಆಸೆ: ಚರ್ಚಿನ ಬಾಗಿಲಿನಿಂದ ಪೀಠದವರೆಗೆ ಅಪ್ಪ ಕೈಹಿಡಿದು ನಡೆಸಬೇಕು. ಅವಳ ಮದುವೆ ಉಡುಪು ಹೊಲಿಯಲು ನಾನು ಮುಂಚೆಯೇ ರೈಲಿನಲ್ಲಿ ಹೋದೆ. ಹೊರಡುವಾಗ ಅವನಿಗೆ ಬಿಡಿಸಿ ಹೇಳಿದ್ದೆ: “ಮದುವೆ ಒಂದು ಗಂಟೆಗೆ. ಅಲ್ಲಿಯ ಗಂಟೆ!”

“ಒಂದು ಅಂದ್ರೆ ಒಂದೇ” ಎಂದಿದ್ದ.

ಮದುವೆಯ ದಿನ ಬೆಳಿಗ್ಗೆಯೇ ಅವನ ವಿಮಾನ ಮ್ಯಾಡ್ರಿಡ್‌ನಲ್ಲಿ ಇಳಿದಿತ್ತು. ಆಸಾಮಿ ಮಾತ್ರ ನಿಲ್ದಾಣದ ಬೆಂಚಿನಲ್ಲಿ ಕೂತು, ಸ್ಪೇನಿನ ಊಟ ಬೇಡವೆಂದು ಮನೆಯಿಂದ ತಂದ ಮೀನಿನ ವಡೆ ಮೆಲ್ಲುತ್ತಿದ್ದ. ತಲೆಯ ಮೇಲೇ ದೊಡ್ಡ ಗಡಿಯಾರವಿತ್ತಂತೆ. ಅದರ ಕಡೆ ಕತ್ತೆತ್ತಿಯೂ ನೋಡಲಿಲ್ಲವೆಂದು ಆಮೇಲೆ ತಾನೇ ಹೆಮ್ಮೆಯಿಂದ ಹೇಳಿಕೊಂಡ.

ಇತ್ತ ಲುಸಿಂದಾ ಚರ್ಚಿನ ಬಾಗಿಲಲ್ಲಿ ನಿಂತಿದ್ದಳು. ಪ್ರತಿ ಟ್ಯಾಕ್ಸಿಗೂ ಕತ್ತು ಚಾಚಿ ನೋಡುತ್ತಿದ್ದಳು. “ಬರ್ತಾರೆ, ಅಪ್ಪಂಗೆ ದಾರಿ ಗೊತ್ತು” ಎಂದು ನನಗೇ ಸಮಾಧಾನ ಹೇಳಿದಳು. ಇನ್ನೊಂದು ಮದುವೆ ಕಾಯುತ್ತಿದೆ ಎಂದು ಪಾದ್ರಿ ಎರಡು ಸಲ ಹೇಳಿಕಳಿಸಿದರು. ಕೊನೆಗೆ ಮದುಮಗನ ಅಪ್ಪನೇ ತೋಳು ಚಾಚಿದ. ಅವಳು ಆ ತೋಳು ಹಿಡಿದು ಒಳಗೆ ನಡೆದಳು.

ಮದುವೆ ಮುಗಿದು, ಮೆಟ್ಟಿಲ ಮೇಲೆ ಜನ ಅಕ್ಕಿ ಎರಚುತ್ತಿರುವಾಗ ಟ್ಯಾಕ್ಸಿ ಬಂದು ನಿಂತಿತು. ಇಸ್ತ್ರಿ ಮಾಡಿದ ಕೋಟು, ಎದೆಗೊಂದು ಹೂವು, ಗತ್ತಿನಿಂದ ಇಳಿದ ಬೆಲ್ಮೀರು. “ನೋಡಿ, ಒಂದಾಗೋಕೆ ಇನ್ನೂ ಐದು ನಿಮಿಷ ಇದೆ!” ಎಂದ. ಆಮೇಲೆ ಅಕ್ಕಿಕಾಳು ಕಣ್ಣಿಗೆ ಬಿತ್ತು. “ನಾನಿಲ್ದೆ ಮುಗಿಸ್ಬಿಟ್ರಾ? ಈ ಸ್ಪೇನಿನವರ ಬುದ್ಧಿನೇ ಇಷ್ಟು!”

ಕಪಾಳಕ್ಕೆ ಬಾರಿಸಬೇಕೆನಿಸಿತು ನನಗೆ. ಲುಸಿಂದಾ ಅಳಲಿಲ್ಲ. ಹತ್ತಿರ ಹೋಗಿ ಅಪ್ಪನ ಮಣಿಕಟ್ಟು ಹಿಡಿದು ಗಡಿಯಾರವನ್ನೇ ನೋಡಿದಳು.

“ಇದರಲ್ಲಿ ನಂಗಿನ್ನೂ ಮದುವೆ ಆಗಿಲ್ಲ, ಅಲ್ವಾಪ್ಪ?”

ಅವನೂ ಬಗ್ಗಿ ಗಡಿಯಾರ ನೋಡಿದ.

“ನಿಮ್ಮ ಕೈ ಹಿಡ್ಕೊಂಡು ನಡೀಬೇಕು ಅಂತಿದ್ದ ಹುಡುಗಿ ಇದರಲ್ಲೇ ಇದ್ದಾಳೆ. ಅವಳನ್ನ ಮನೆಗೆ ಕರ್ಕೊಂಡ್ ಹೋಗಿ” ಎಂದು ಕೈ ಬಿಟ್ಟು, ಗಂಡನ ಕಾರು ಹತ್ತಿದಳು.