ಹಿಂಡಿನ ನಾಯಿ ಬೇಕರಿಗೆ ಬಂದದ್ದು

ನಾಯಿ ತೋರಿಸುತ್ತೇನೆಂದು ಸಂಗೊಳ್ಳಿಯ ನೀಲವ್ವ ನನ್ನನ್ನು ಹಿತ್ತಲಿಗೆ ಕರೆದೊಯ್ದಾಗ ಬೇವಿನ ಮರದ ಕೆಳಗೆ ಒಂದು ಕರು ಮಲಗಿತ್ತು. ನಾಯಿ ಎಲ್ಲಿ ಎಂದು ನಾನು ಸುತ್ತಲೂ ನೋಡಿದೆ. ಕರು ಎದ್ದು ಮೈ ಕೊಡವಿತು. ಮುಂಗಾಲೊಂದನ್ನು ನೆಲಕ್ಕೆ ಊರದೆ ನಿಂತಿತು. ಕೊರಳಲ್ಲಿ ಕಬ್ಬಿಣದ ಮುಳ್ಳುಗಳ ಪಟ್ಟಿ, ನನ್ನ ಸೊಂಟದೆತ್ತರಕ್ಕೆ ತಲೆ! ನನ್ನ ಕಾಲುಗಳು ತಾವಾಗಿಯೇ ಹಿಂದೆ ಸರಿದವು.

"ಕಚ್ಚಲ್ವಾ ನೀಲವ್ವಾ ಇದು?"

"ತ್ವಾಳ ಬಂದ್ರ ಕಚ್ಚತೈತಿ. ನೀ ಏನ್ ತ್ವಾಳ ಅದಿಯೇನ ತಂಗಿ?" ಎಂದು ಆಕೆ ಬಾಯಿ ತುಂಬ ನಕ್ಕಳು.

ನಮ್ಮ ಕಡೆ, ಅಂದರೆ ಚನ್ನರಾಯಪಟ್ಟಣದ ಸುತ್ತಮುತ್ತ, ನಾಯಿಯೆಂದರೆ ಜಗಲಿಯ ಮೇಲೆ ಸುರುಳಿ ಸುತ್ತಿಕೊಂಡು ಮಲಗುವ, ಮಿಕ್ಕ ಮುದ್ದೆ ತಿಂದು ದಾರಿಹೋಕರಿಗೆಲ್ಲ ಬೊಗಳುವ ಪ್ರಾಣಿ. ಅಲ್ಲಿಯವರು ಬ್ರೆಡ್ಡು, ಬನ್ನು ಮಾಡುವ ಕೆಲಸ ಕಲಿತು ನಾಡಿನ ಮೂಲೆಮೂಲೆಗೆ ಹೋಗಿ ಬೇಕರಿ ಇಟ್ಟಿದ್ದಾರೆ. ನಮ್ಮ ಯಜಮಾನರ ಪಾಲಿಗೆ ಬಂದದ್ದು ಬೈಲಹೊಂಗಲ. ನಾಲ್ಕೈದು ವರ್ಷದ ಹಿಂದಿನ ಮಾತು. ಒಂದು ಟ್ರಂಕು, ಎರಡು ಚಾಪೆ ಹೊತ್ತು ಬಂದಿಳಿದೆವು.

ಬೇಕರಿಯ ಹಿಂದೆಯೇ ಮನೆ. ನಮ್ಮೂರಿನ ಹೆಂಚಿನ ಮನೆಯಲ್ಲಿ ಮಳೆಯ ಸದ್ದಾದರೂ ಕೇಳುತ್ತಿತ್ತು. ಇಲ್ಲಿ ಮಣ್ಣಿನ ಮಾಳಿಗೆ, ನಡುವೆ ಬೆಳಕು ಬರಲೆಂದು ಬಿಟ್ಟ ಒಂದು ಬೆಳಕಿಂಡಿ. ಆ ಬೆಳಕಿನ ಚೌಕ ನೆಲದ ಮೇಲೆ ಸರಿಯುವುದನ್ನು ನೋಡುತ್ತ ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಯಜಮಾನರು ಬೆಳಿಗ್ಗೆಯೇ ಗಾಡಿಗೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಕಿತ್ತೂರು, ಸವದತ್ತಿಯ ಅಂಗಡಿಗಳಿಗೆ ಬ್ರೆಡ್ಡು ಕೊಡಲು ಹೊರಟುಬಿಡುತ್ತಿದ್ದರು. ನನಗೆ ಭಯ. ಯಾತರ ಭಯ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಇಲ್ಲಿಯವರ ಗಟ್ಟಿದನಿ ಜಗಳದಂತೆ ಕೇಳುತ್ತಿತ್ತು. ನಾನು ಮಾತಾಡಿದರೆ ಗಿರಾಕಿಗಳು ನಗುತ್ತಿದ್ದರು, ಪ್ರೀತಿಯಿಂದಲೇ, ಆದರೂ ನಗುತ್ತಿದ್ದರು. ರೊಟ್ಟಿ ಬಡಿಯಲು ಹೋದರೆ ಅದು ನನ್ನ ಅಂಗೈಯಲ್ಲೇ ಹರಿದು ಬೀಳುತ್ತಿತ್ತು. ಬೇಕರಿಗೆ ಬೆಣ್ಣೆ ತಂದುಕೊಡುತ್ತಿದ್ದ ನೀಲವ್ವನೊಬ್ಬಳ ಮುಂದೆ ಒಮ್ಮೆ, "ಒಂದು ನಾಯಿಯಾದರೂ ಇದ್ದಿದ್ರೆ," ಎಂದು ಬಾಯಿಬಿಟ್ಟಿದ್ದೆ. ಅದರ ಫಲ ಈ ಕರು.

ಸುಗ್ಗಿ ಮುಗಿದ ಹೊಲಗಳಿಗೆ ಕುರಿಗಾರರು ಹಿಂಡು ಹೊಡೆದುಕೊಂಡು ಬರುತ್ತಾರೆ. ಹೊಲದಲ್ಲಿ ಕುರಿ ಕೂರಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳು. ಆ ವರ್ಷ ಸವದತ್ತಿ ಗುಡ್ಡದ ಹತ್ತಿರ ತೋಳ ಬಿದ್ದು ಈ ನಾಯಿಯ ಕಾಲು ಹರಿದಿತ್ತು. ನಡೆಯಲಾರದ ನಾಯಿಗಾಗಿ ಹಿಂಡು ನಿಲ್ಲುವುದಿಲ್ಲ. ಹಿಂಡು ಕೂತ ಹೊಲದ ಮನೆಯವರು ಅದನ್ನು ಸಾಕಿ, ಹಿಂಡು ತಿರುಗಿ ಬಂದಾಗ ಒಪ್ಪಿಸಬೇಕು. ಇದು ಇಲ್ಲಿಯ ರೂಢಿ. ಆದರೆ ನೀಲವ್ವನ ಮೊಮ್ಮಗು ಅಂಬೆಗಾಲಿಡತೊಡಗಿತ್ತು, ಸೊಸೆಗೆ ನಾಯಿ ಕಂಡರೆ ಜೀವ ಹೋಗುತ್ತಿತ್ತು.

"ಒಯ್ಯಿ ತಂಗಿ. ಆದ್ರ ಕುರುಬರ ಸಿದ್ದಪ್ಪ ಬಂದು ಕೇಳಿದ್ರ ಇಲ್ಲ ಅನಬ್ಯಾಡ. ಮಾತಿನ ಮ್ಯಾಲ ಇಟ್ಟ ಹೋಗ್ಯಾನ."

ಆಗಲಿ ಎಂದೆ. ಆಗ ಆ ಮಾತು ಹಗುರವಾಗಿತ್ತು.

ಅದರ ಹೆಸರು ಭರಮ್ಯಾ. ಆ ಗಾತ್ರ ನೋಡಿ ನಮ್ಮ ಯಜಮಾನರು "ಭರಮಣ್ಣೋರೇ" ಎಂದು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಬಂದ ದಿನದಿಂದ ಭರಮಣ್ಣೋರು ಅನ್ನ ಮುಟ್ಟಲಿಲ್ಲ. ಓಡಿಹೋದೀತೆಂದು ಮನೆಯೊಳಗೆ ಕಟ್ಟಿ, ನಮ್ಮೂರ ಪದ್ಧತಿಯಂತೆ ಬೆಳಿಗ್ಗೆಯೇ ಹಾಲಿನಲ್ಲಿ ಬನ್ನು ನೆನೆಸಿಟ್ಟೆ. ಮೂಸಿ ಮುಖ ತಿರುಗಿಸಿತು. ಮೊಸರನ್ನ ಇಟ್ಟೆ. ಇರುವೆ ತಿಂದವು. ರೊಟ್ಟಿಯ ನೆನಪಿರಬೇಕು ಎಂದು ನೀಲವ್ವ ಬುಟ್ಟಿಯಲ್ಲಿ ಜೋಳದ ರೊಟ್ಟಿ ಕಳಿಸಿದಳು. ಅದೂ ಹಾಗೇ ಉಳಿಯಿತು. ಪಕ್ಕೆಲುಬು ಕಾಣತೊಡಗಿದವು. ನನಗೂ ಅನ್ನ ಇಳಿಯದಾಯಿತು. ಮಾತಿನ ಮೇಲೆ ಇಟ್ಟ ಜೀವ, ನಮ್ಮ ಮನೆಯಲ್ಲಿ ಸತ್ತರೆ ಏನು ಹೇಳಲಿ? ಹೊರಗಿನವಳ ಕೈಗೆ ಕೊಟ್ಟದ್ದೇ ತಪ್ಪು ಎಂದು ಊರು ಆಡಿಕೊಂಡರೆ?

ಕೊನೆಗೆ ಅಳುತ್ತಲೇ ಹಗ್ಗ ಬಿಚ್ಚಿದೆ, ಎಲ್ಲಿಗಾದರೂ ಹೋಗಿ ಬದುಕಲಿ ಎಂದು. ಅದು ಎಲ್ಲಿಗೂ ಹೋಗಲಿಲ್ಲ. ಕುಂಟುತ್ತ ಹೋಗಿ ಬೇಕರಿ ಮುಂದಿನ ರಸ್ತೆಯಾಚೆ, ನಾನೂ ಕಾಣುವಂತೆ ದಾರಿಯೂ ಕಾಣುವಂತೆ ಕೂತಿತು. ಸಂಜೆ ಯಜಮಾನರ ಗಾಡಿ ಬಂತು. ಎದ್ದು ಅವರನ್ನು ಮೂಸಿತು. ಶೆಟರ್ ಎಳೆದು ನಾವಿಬ್ಬರೂ ಒಳಗೆ ಸೇರಿದ ಮೇಲೆ ಹಿಂಬಾಗಿಲಲ್ಲಿ ಚಪ್ಪರಿಸುವ ಸದ್ದು. ಬಗ್ಗಿ ನೋಡಿದರೆ ಭರಮಣ್ಣೋರು ಬೆಳಗಿನ ಒಣರೊಟ್ಟಿಯನ್ನು ಕಟಕಟನೆ ಕಡಿಯುತ್ತಿದ್ದರು!

ನೀಲವ್ವ ಕೇಳಿ ಹಣೆ ಬಡಿದುಕೊಂಡಳು. "ನನಗೂ ಹೊಳೀಲಿಲ್ಲ ನೋಡ! ನಮ್ಮ ಹಿತ್ತಲದಾಗ ದನಾ ಕಟ್ಟಿದ ಮ್ಯಾಲ ಉಣತಿತ್ತು. ಹಿಂಡ ಕೂಡೂತನಕ ಉಣ್ಣೂದಿಲ್ಲ ಅದು. ಒಳಗ ಕಟ್ಟಿ ಹಾಕಿದ್ರ ಎಲ್ಲಾರೂ ಕೂಡಿದ್ದು ಅದಕ್ಕ ಹ್ಯಾಂಗ ತಿಳೀಬೇಕು?"

ಅಂದರೆ ನಾವು ಅದರ ಹಿಂಡು. ಎರಡೇ ಕುರಿ, ಅದರಲ್ಲೊಂದು ದಿನವೂ ಸವದತ್ತಿಗೆ ಓಡಿಹೋಗುವ ಕುರಿ. ಹೇಳಿ ಹೇಳಿ ನಕ್ಕೆವು. ಆದರೆ ಈ ಊರಲ್ಲಿ ನಾನಿನ್ನೂ ಮನೆ ಸೇರಿಲ್ಲವೆಂದು ಉಪವಾಸ ಕಾಯುವ ಜೀವವೊಂದಿದೆ ಎಂಬುದು ನನಗೆ ಎಷ್ಟು ದೊಡ್ಡದಾಗಿತ್ತೆಂದರೆ, ಅಂದಿನಿಂದ ನನ್ನ ಭಯ ಹೋಯಿತು. ಸಂತೆಗೆ ಒಬ್ಬಳೇ ಹೋದೆ, ದನಿಯೆತ್ತರಿಸಿ ಚೌಕಾಸಿ ಮಾಡಿದೆ. ನನ್ನ ರೊಟ್ಟಿ ಹರಿಯದೆ ಹೆಂಚು ಸೇರಿತು.

ಆದರೆ ಒಂದು ಭಯ ಹೋದಲ್ಲಿ ಇನ್ನೊಂದು ಬಂದು ಕೂತಿತು. ಭರಮ್ಯಾನ ಕಾಲು ನೆಟ್ಟಗಾಗುತ್ತಿತ್ತು, ಹೊಲಗಳಲ್ಲಿ ಜೋಳ ತೆನೆಗಟ್ಟುತ್ತಿತ್ತು. ಊರೆಲ್ಲ ಒಳ್ಳೆಯ ಬೆಳೆ ಎಂದು ಹಿಗ್ಗುತ್ತಿದ್ದರೆ, ಸುಗ್ಗಿ ತಡವಾಗಲಪ್ಪ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. ರಾಮದುರ್ಗದ ಕಡೆ ಹಿಂಡುಗಳು ಬಂದಿವೆಯಂತೆ ಎಂದು ಗಿರಾಕಿಯೊಬ್ಬರು ಹೇಳಿದಾಗ ಟೋಸ್ಟು ಕಟ್ಟುತ್ತಿದ್ದ ನಾನು, ಅದು ಇಲ್ಲಿಗೆ ಎಷ್ಟು ದೂರ ಎಂದು ಎರಡೆರಡು ಸಲ ಕೇಳಿದೆ.

ಸಿದ್ದಪ್ಪ ಒಂದು ಸಂಜೆ ಬಂದ. ಹೆಗಲ ಮೇಲೆ ಕಂಬಳಿ, ಹಿಂದೆ ರಸ್ತೆ ತುಂಬ ಕುರಿ. ಚಹಾ ಕೊಟ್ಟೆ. ಬೇಡಿಕೊಳ್ಳಬೇಕೆಂದಿದ್ದವಳು ತಟ್ಟೆಗೆ ಇನ್ನೊಂದು ಬನ್ನು ಹಾಕಿದೆ.

"ಜ್ವಾಪಾನ ಮಾಡೀರಿ ಅಕ್ಕಾರ, ಭಾಳ ಉಪಕಾರ ಆತು," ಎಂದ ಆತ. "ನಮ್ಮೊಳಗ ಹೆಸರ ಹಿಡದು ಕರ್ಯೂದಿಲ್ರಿ. ಹಿಂಡ ಮುಂದ ಹೋಗತೈತಿ. ಅದು ಹಿಂದ ಬಂದ್ರ ನಮ್ಮದು. ನೀವೂ ಕರೀಬ್ಯಾಡ್ರಿ."

ಹಿಂಡು ಹೊರಟಿತು. ನಾನು ಮೆಟ್ಟಿಲ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ. ಭರಮ್ಯಾ ಕುರಿಗಳ ನಡುವೆ ನುಗ್ಗಿದ. ಅವು ದಾರಿ ಬಿಟ್ಟು ಮತ್ತೆ ಕೂಡಿಕೊಂಡವು, ಅವನ ಬಾಲ ಮಾತ್ರ ಕಾಣುತ್ತಿತ್ತು. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಕಂಡೇ ಇರಲಿಲ್ಲ. ಹೊಟ್ಟೆ ಉರಿಯಿತು, ಹೇಳುವುದಕ್ಕೇನು ನಾಚಿಕೆ.

ತಿರುವಿನ ತನಕ ಹೋದವನು ಓಡಿ ಬಂದ. ಬಂದವನೇ ನನ್ನ ಮೊಣಕಾಲಿಗೆ ಭುಜ ಕೊಟ್ಟು ನೂಕಿದ. ನಾನು ಮೆಟ್ಟಿಲಿಳಿದೆ. ಹಿಂಡಿನತ್ತ ಓಡಿದ, ತಿರುಗಿ ನೋಡಿದ, ಮತ್ತೆ ಬಂದು ನೂಕಿದ. ಒಳಗೆ ಹೋಗಿ ಹಿಟ್ಟಿನ ಕೈಯಲ್ಲಿದ್ದ ಯಜಮಾನರನ್ನೂ ನೂಕಿಕೊಂಡು ಬಂದ. ನಾವಿಬ್ಬರೂ ರಸ್ತೆಯಲ್ಲಿ ಪೆಚ್ಚಾಗಿ ನಿಂತೆವು. ಜನ ಸೇರಿದರು.

ಸಿದ್ದಪ್ಪ ನಕ್ಕ. ಆಮೇಲೆ ಅವನ ನಗು ನಿಂತಿತು.

"ನಿಮ್ಮನ್ನ ಹಿಂಡಿಗೆ ಕೂಡಸಾಕ ನೋಡಾಕತ್ತೈತ್ರಿ ಅಕ್ಕಾರ. ತಪ್ಪಿಸಿಕೊಂಡ ಕುರಿ ಅಂತ ತಿಳದೈತಿ. ಅಂಥಾದ್ದನ್ನ ಬಿಟ್ಟು ಅದು ಬರೂದಿಲ್ಲ."

ಆತ ಬಗ್ಗಿ ಭರಮ್ಯಾನ ಕೊರಳಿನಿಂದ ಮುಳ್ಳಿನ ಪಟ್ಟಿ ಬಿಚ್ಚಿದ. ಒಳಗಿನ ಕೂದಲು ಸವೆದು ಬೆಳ್ಳಗಾಗಿತ್ತು. "ಇಲ್ಲಿ ತ್ವಾಳ ಇಲ್ಲ. ಮತ್ತೊಂದಕ್ಕ ಬೇಕಾಕ್ಕೈತಿ," ಎಂದು ಕಂಬಳಿಯೊಳಗೆ ಇಟ್ಟುಕೊಂಡು ತಿರುಗಿ ನೋಡದೆ ನಡೆದ.

ಈಗ ಹಬ್ಬಕ್ಕೆ ನಮ್ಮೂರಿಗೆ ಹೋದಾಗ ತವರಿನವರೆಲ್ಲ ಇನ್ನೆರಡು ದಿನ ಇರು ಅನ್ನುತ್ತಾರೆ. ನನಗೂ ಆಸೆಯೇ. ಆದರೆ ದೀಪ ಹಚ್ಚುವ ಹೊತ್ತಾದರೆ, ಅಲ್ಲಿ ಭರಮ್ಯಾ ಉಣ್ಣದೆ ಕಾಯುತ್ತಿರುತ್ತಾನೆಂದು ಮುದ್ದೆ ಬಿಟ್ಟೇಳುತ್ತೇನೆ. ಒಂದು ನಾಯಿಗೋಸ್ಕರವಾ ಎಂದು ಅಕ್ಕ ಮುನಿಸಿಕೊಳ್ಳುತ್ತಾಳೆ.

ಬಸ್ಸಿಳಿದು ಬಂದರೆ ಅವನು ನಮ್ಮಿಬ್ಬರನ್ನೂ ಮೂಸಿ, ಆಮೇಲೆ ಉಣ್ಣುತ್ತಾನೆ. ಉಂಡು, ಕುರಿಗಳು ಹೋದ ದಾರಿಗೆ ಮುಖಮಾಡಿ ಮಲಗುತ್ತಾನೆ. ನಾನೂ ರೊಟ್ಟಿ ತಿಂದು ಅವನ ಪಕ್ಕ ಮೆಟ್ಟಿಲ ಮೇಲೆ ಕೂರುತ್ತೇನೆ, ನಮ್ಮೂರ ಬಸ್ಸು ಹೋಗುವ ಕಡೆ ನೋಡುತ್ತ. ಇಬ್ಬರ ಹೊಟ್ಟೆಯೂ ತುಂಬಿರುತ್ತದೆ.