ಅಪ್ಪನ ಸವಾಲು ಇದ್ದ ಕಂಪ್ಯೂಟರ್

ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿದೆ. ಅದು ಶುರುವಾಗಲಿಲ್ಲ.

ನವರಾತ್ರಿಗೆ ಮುಂಚಿನ ಆ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಅಪ್ಪ ತೀರಿಕೊಂಡ ಮೇಲೆ ಅದಕ್ಕೆ ನಮ್ಮ ಮನೆಯದೇ ಒಂದು ಪದ್ಧತಿ ಸೇರಿಕೊಂಡಿದೆ. ಎಡೆಯ ಮುಂದೆ ಅವನ ದನಿ ಹಚ್ಚುವುದು. ಅಪ್ಪ ಕಾರಟಗಿಯ ಮಾರುಕಟ್ಟೆಯಲ್ಲಿ ಭತ್ತದ ಹರಾಜಿನ ಸವಾಲು ಕೂಗುತ್ತಿದ್ದ. ರಾಶಿಯ ಮುಂದೆ ನಿಂತು ದರ ಏರಿಸುತ್ತ ಹೋಗುವ ಆ ಕೂಗನ್ನು ಒಮ್ಮೆ ಫೋನಿನಲ್ಲಿ ಹಿಡಿದಿದ್ದೆ. ಕೊನೆಗೆ ಅವನು ನನ್ನತ್ತ ತಿರುಗಿ, "ಬಿಸಲಾಗ ಯಾಕ ನಿಂತಿ, ನೆರಳಿಗೆ ಹೋಗು" ಎನ್ನುತ್ತಾನೆ. ಅಪ್ಪನ ದನಿ ಅಂತ ನಮ್ಮಲ್ಲಿ ಉಳಿದದ್ದು ಅಷ್ಟೇ.

ಅದು ಒಂದೇ ಕಡೆ ಉಳಿದದ್ದು ನನ್ನ ಜಾಣತನದಿಂದ. ಫೋನಿನಲ್ಲಿದ್ದರೆ ಯಲಬುರ್ಗಾದಿಂದ ಕೊಪ್ಪಳಕ್ಕೆ ಹೋಗುವ ಬಸ್ಸಿನ ನೂಕುನುಗ್ಗಲಿನಲ್ಲಿ ಯಾರಾದರೂ ಎಗರಿಸಿಯಾರು. ಪೆನ್‌ಡ್ರೈವಿಗೆ ವೈರಸ್ ಹತ್ತೀತು. ಬಂಧುಗಳಿಗೆ ಕಳಿಸಿದರೆ ಸ್ಟೇಟಸ್‌ಗೆ ಹಾಕಿಯಾರು. ಹೀಗೆ ಒಂದೊಂದೇ ಅಪಾಯವನ್ನು ಊಹಿಸಿ, ಎಲ್ಲ ಕಡೆಯಿಂದ ಅಳಿಸಿ, ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಇಟ್ಟೆ. ಅದಕ್ಕೊಂದು ಯುಪಿಎಸ್, ಯುಪಿಎಸ್ಸಿಗೊಂದು ಸ್ಟೆಬಿಲೈಸರ್, ಎಲ್ಲದರ ಮೇಲೆ ಹೆಂಡತಿ ಹೊಲಿದ ಗವಸು. ದಿನಾ ಆಫೀಸಿಗೆ ಹೊರಡುವ ಮುಂಚೆ ಆ ಗವಸಿನ ಧೂಳು ಒರೆಸಿಯೇ ಹೋಗುತ್ತೇನೆ.

ಗೋಡೆಯ ಪ್ಲಗ್ ಸರಿಯಿತ್ತು. ಹಿಂದೆ ಬಗ್ಗಿ ನೋಡಿದರೆ ಕಂಪ್ಯೂಟರಿನ ಡಬ್ಬಿಗೆ ಹೋಗುವ ವೈರೇ ಕಳಚಿತ್ತು.

"ಇದನ್ನ ಯಾರು ತಗದೀರಿ?"

"ಇಲಿ ಇರಬೇಕ್ರಿ" ಎಂದಳು ಹೆಂಡತಿ, ಅಡುಗೆಮನೆಯಿಂದಲೇ. ಇಲಿ ವೈರನ್ನು ಕಡಿಯುತ್ತದೆ, ಕಳಚಿ ಇಡುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ವೈರ್ ಸಿಕ್ಕಿಸಿದೆ. ಒಳಗೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಫೋನಿನಲ್ಲಿ ವಿಡಿಯೊ ಹಾಕಿಕೊಂಡು, ಪಕ್ಕದ ತಗಡು ಬಿಚ್ಚಿ, ಮೆಮೊರಿ ಪಟ್ಟಿ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜತೊಡಗಿದೆ. ಅವ್ವ ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳೆಂದು ಈಗ ಅನಿಸುತ್ತದೆ. ಪಕ್ಕದ ಮನೆಯ ಆಟೋ ಓಡಿಸುವ ಚಾಚಾ ಬಾಗಿಲಲ್ಲಿ ಇಣುಕಿದರು.

"ಏನ್ ಸಾಹೇಬ್ರ, ಆಪರೇಷನ್ ನಡಸೀರಿ?"

"ಚಾಲೂ ಆಗವಲ್ದು ಚಾಚಾ."

ಅವರು ಅವ್ವನ ಮುಖ ನೋಡಿದರು. "ಹಳೇದಾಗೈತಿ, ಬಿಡ್ರಿ. ಒಂದೊಂದ್ ದಿನ ಮನುಷ್ಯಾಗೇ ಏಳಾಕ ಆಗಂಗಿಲ್ಲ" ಎಂದು ಹೊರಟೇಬಿಟ್ಟರು. ನಮ್ಮ ಮನೆಗೆ ಬಂದು ಚಾ ಕುಡಿಯದೆ ಹೋದ ಮನುಷ್ಯನಲ್ಲ ಅವರು. ಅವರಿಗೆ ಆರೋಗ್ಯ ಸರಿಯಿಲ್ಲವೇನೋ ಎಂದು ಅದೊಂದು ಚಿಂತೆಯೂ ಹತ್ತಿತು.

ಪಟ್ಟಿ ಮತ್ತೆ ಕೂರಿಸಿದಾಗ ಪರದೆ ಬೆಳಗಿತು. ಆ ಒಂದು ಕ್ಷಣ ನನ್ನಷ್ಟು ಹೆಮ್ಮೆಯ ಗಂಡಸು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಮರುಕ್ಷಣ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು, ಡಿಸ್ಕ್ ಸಿಗುತ್ತಿಲ್ಲವೆಂದು. ಟಾರ್ಚ್ ಹಿಡಿದು ಕೆಳಗೆ ನೋಡಿದೆ. ಡಿಸ್ಕ್ ಇರಬೇಕಾದ ಜಾಗ ಖಾಲಿ. ವೈರುಗಳು ಜೋತಾಡುತ್ತಿದ್ದವು. ಸ್ಕ್ರೂಗಳನ್ನು ಮಾತ್ರ ಯಾರೋ ಕಾಗದದಲ್ಲಿ ಪೊಟ್ಟಣ ಕಟ್ಟಿ ಮೂಲೆಗೆ ಇಟ್ಟಿದ್ದರು.

"ಕಳವಾಗೈತಿ" ಎನ್ನುತ್ತ ಪೊಲೀಸ್ ಠಾಣೆಗೆ ಹೋಗಲು ಚಪ್ಪಲಿ ಮೆಟ್ಟಿದೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಕೈಯೆಲ್ಲ ಹೂರಣ.

"ಕಳವಾಗಿಲ್ರಿ. ಹುಬ್ಬಳ್ಳಿಗೆ ಹೋಗೈತಿ."

ನಿಧಾನಕ್ಕೆ ಎಲ್ಲ ಹೊರಬಂತು. ಶ್ರಾವಣದಲ್ಲಿ ಒಂದು ದಿನ ನಾನು ಆಫೀಸಿನಲ್ಲಿದ್ದಾಗ ಅವ್ವನಿಗೆ ಅಪ್ಪನ ದನಿ ಕೇಳಬೇಕೆನಿಸಿತಂತೆ. ಹೆಂಡತಿ ಕಂಪ್ಯೂಟರ್ ಹಚ್ಚಿದ್ದಾಳೆ. ನಡುವೆ ಕರೆಂಟು ಹೋಗಿ ಬಂದು, ಒಳಗೆ ಕಟಕಟ ಸದ್ದಾಗಿ ಎಲ್ಲ ನಿಂತಿದೆ. ಯುಪಿಎಸ್ಸಿನ ಬ್ಯಾಟರಿ ಹೋಗಿ ವರ್ಷವೇ ಆಗಿತ್ತಂತೆ, ಅದನ್ನೂ ನನಗೆ ಹೇಳಿರಲಿಲ್ಲ. ಚಾಚಾನ ಆಟೋದಲ್ಲಿ ಕೌದಿ ಸುತ್ತಿ ಡಬ್ಬಿಯನ್ನು ಕೊಪ್ಪಳಕ್ಕೆ ಒಯ್ದಿದ್ದಾರೆ. ಅಲ್ಲಿಯ ಅಂಗಡಿಯವನು ತನ್ನ ಕೈಲಾಗದೆ ಡಿಸ್ಕನ್ನು ಹುಬ್ಬಳ್ಳಿಗೆ ಕಳಿಸಿದ್ದಾನೆ. ಒಳಗಿನದು ಉಳಿದಿದೆಯೋ ಇಲ್ಲವೋ, ಅಲ್ಲಿಯವರು ಫೋನ್ ಮಾಡಿ ಹೇಳಬೇಕು. ಖಾಲಿ ಡಬ್ಬಿ ಮನೆಗೆ ವಾಪಸು ಬಂದು ಗವಸು ಹೊದ್ದು ಕುಳಿತಿದೆ. ನಾನು ದಿನಾ ಧೂಳು ಒರೆಸಿದ್ದೇನೆ.

"ಮುಂಜಾನಿಂದ ಉಜ್ಜಾಕತ್ತೀನಿ. ನೋಡ್ಕೋತ ಕುಂತೀರಿ?"

"ಬ್ಯಾಸರಾಗಿ ಬಿಡ್ತೀರಿ ಅನ್ಕೊಂಡಿದ್ವಿ" ಎಂದಳು ಹೆಂಡತಿ.

"ಅವ್ವಾ, ನಿನಗೂ ಗೊತ್ತಿತ್ತು?"

"ಹೇಳಬ್ಯಾಡ ಅಂದಾಕೀನೇ ನಾನು. ನಿನಗ ಹೇಳಿದ್ರ ಅದನ್ನೂ ನೋಡಬೇಕು, ನಿನ್ನೂ ನೋಡಬೇಕು."

"ನಾನೇನು ಸಣ್ಣ ಕೂಸಾ?"

"ನಿಮ್ಮಪ್ಪನೂ ಹಿಂಗ ಮಾಡಿದ್ದ, ತಮ್ಮಾ. ಹೊಟ್ಟ್ಯಾಗ ಗಡ್ಡಿ ಐತಿ ಅಂತ ಡಾಕ್ಟರ್ ಹೇಳಿದ್ದು ಯುಗಾದಿ ಮುಂದ. ನಿನಗ ಗೊತ್ತಾಗಿದ್ದು ಯಾವಾಗ?"

ನನಗೆ ಗೊತ್ತಾದದ್ದು ದೀಪಾವಳಿಗೆ. ಅಲ್ಲಿಯವರೆಗೆ ಅಪ್ಪ ಗ್ಯಾಸ್ಟ್ರಿಕ್ ಅಂದಿದ್ದ. ಊರಿಗೆ ಹೋದಾಗಲೆಲ್ಲ ನಾನು ಗ್ಯಾಸ್ಟ್ರಿಕ್ ಮಾತ್ರೆ ಒಯ್ಯುತ್ತಿದ್ದೆ. "ಭಾಳ ಆರಾಮಾತು ನೋಡು" ಎಂದು ಅಪ್ಪ ನನ್ನೆದುರೇ ನುಂಗುತ್ತಿದ್ದ. ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವಳು ಅವ್ವ.

ಚಪ್ಪಲಿ ಮೆಟ್ಟಿಕೊಂಡೇ ಕುರ್ಚಿಯಲ್ಲಿ ಕುಳಿತೆ. ಮನೆಯ ಚಿಂತೆಯೆಲ್ಲ ನನ್ನೊಬ್ಬನ ತಲೆಯ ಮೇಲಿದೆ ಎಂದು ಇಷ್ಟು ವರ್ಷ ತಿಳಿದಿದ್ದೆ. ನನಗೆ ಬಿಟ್ಟುಕೊಟ್ಟದ್ದು ಗ್ಯಾಸ್ ಆರಿಸಿದೆಯೋ, ಗೇಟಿಗೆ ಕೀಲಿ ಬಿದ್ದಿದೆಯೋ ಎಂಬಂಥವು ಮಾತ್ರ. ನಿಜವಾದವನ್ನು ನನ್ನ ಬೆನ್ನ ಹಿಂದೆ ಅವರವರೇ ಹಂಚಿಕೊಂಡಿದ್ದರು. ಅಪ್ಪನೂ ಆ ಕಡೆಯವನೇ.

ಮರುದಿನ ದನಿಯಿಲ್ಲದೆ ಎಡೆ ಇಟ್ಟೆವು. ಅವ್ವ ಕರ್ಪೂರ ಹಚ್ಚಿದಳು. ಊಟಕ್ಕೆ ಕುಳಿತಾಗ ಹೆಂಡತಿಯ ಫೋನ್ ರಿಂಗಾಯಿತು. ಅವಳು ಅದನ್ನು ನೋಡಿ, ಸೆರಗಿಗೆ ಕೈ ಒರೆಸಿಕೊಂಡು, ಹಿತ್ತಲಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಬಂದಾಗ ಕೇಳಿದೆ.

"ಯಾರ್ದು?"

"ನಮ್ಮ ಅಣ್ಣಂದ್ರಿ. ಊಟ ಆತೇನು ಅಂತ ಕೇಳಿದ."

ಅವ್ವ ತಲೆ ಎತ್ತಲಿಲ್ಲ. ಹೆಂಡತಿ ನಾನು ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿ, ಅದು ಮುಳುಗುವಷ್ಟು ತುಪ್ಪ ಸುರಿದಳು. ಕೊಲೆಸ್ಟ್ರಾಲ್ ಎಂದು ತುಪ್ಪದ ಪಾತ್ರೆಯನ್ನು ನನ್ನಿಂದ ದೂರ ಇಡುವವಳು ಅವಳೇ. ನಾನು ಏನೂ ಕೇಳದೆ ತಿಂದೆ.