ಕ್ಯಾಪ್ಟನ್‌ನ ಉಪವಾಸ, ಅಪ್ಪನ ತಪಾಸಣೆ

ಕೊಲ್ಲಿ ದೇಶದ ಶುಐಬಾ ಎಂಬಲ್ಲಿನ ತೈಲ ಪ್ಲಾಂಟಿನಲ್ಲಿ ಜೋಕಿಮ್ ಲೋಬೊನ ಕೆಲಸವೇ ಅನುಮಾನಪಡುವುದು. ಎಲ್ಲಿ ಗ್ಯಾಸ್ ಸೋರುತ್ತಿದೆಯೋ ಎಂದು ಮೀಟರ್ ಹಿಡಿದು ಪೈಪಿನಿಂದ ಪೈಪಿಗೆ ಅಲೆಯುವ ಸೇಫ್ಟಿ ಇನ್‌ಸ್ಪೆಕ್ಟರ್ ಅವನು. ಅಲ್ಲಿ ಆ ಗುಣಕ್ಕೆ ಸಂಬಳ ಕೊಡುತ್ತಾರೆ, ಒಪ್ಪೋಣ. ಆದರೆ ಮಂಗಫ್‌ನ ಫ್ಲ್ಯಾಟಿಗೆ ಬಂದ ಮೇಲೂ ಈ ಮಹಾರಾಯ ಮೀಟರ್ ಕೆಳಗಿಡುತ್ತಿರಲಿಲ್ಲ. ಮೀನಿನವನು ನಿನ್ನೆಯ ಮೀನು ದಾಟಿಸಿದನೇ, ವಾಚ್‌ಮನ್ ಯಾಕೆ ನಕ್ಕ, ಎಲ್ಲಕ್ಕೂ ತನಿಖೆ. ಹೆಂಡತಿ ಸಿಸಿಲಿಯಾ ಅದಕ್ಕೆ ಒಗ್ಗಿಹೋಗಿದ್ದಳು. ಒಗ್ಗದವನು ಮಗ ಡಿಲನ್.

ಡಿಲನ್ ಕಾಲೇಜಿನ ಫುಟ್‌ಬಾಲ್ ತಂಡದ ಕ್ಯಾಪ್ಟನ್. ಪ್ರತಿ ಆಟಕ್ಕೆ ಮೊದಲು ಹುಡುಗರನ್ನೆಲ್ಲ ಸುತ್ತ ನಿಲ್ಲಿಸಿ, ಅವರವರ ದೇವರನ್ನು ಅವರವರು ಮನಸ್ಸಿನಲ್ಲೇ ನೆನೆಯಲು ಹೇಳುತ್ತಿದ್ದ. ಇಗರ್ಜಿಯಲ್ಲಿ ಯಾರಾದರೂ ಇದನ್ನು ಹೊಗಳಿದರೆ ಜೋಕಿಮ್‌ನ ಎದೆ ಉಬ್ಬುತ್ತಿತ್ತು. ಆ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲವೂ ರಮ್‌ಜಾನ್ ತಿಂಗಳೂ ಒಟ್ಟೊಟ್ಟಿಗೆ ಬಂದವು. ಉಬ್ಬಿದ ಎದೆಯಲ್ಲಿ ಪುಕಪುಕ ಶುರುವಾಯಿತು.

ಮಗನ ಬುತ್ತಿ, ನೀರಿನ ಬಾಟಲಿ ಎರಡೂ ಮುಚ್ಚಿದ ಹಾಗೇ ವಾಪಸ್ ಬರುತ್ತಿದ್ದವು. ಬೆಳಗಾಗುವ ಮೊದಲೇ ಅಡುಗೆಮನೆಯಲ್ಲಿ ಸದ್ದು. ಶುಕ್ರವಾರ ಸಂಜೆಯ ಶಿಲುಬೆ ಹಾದಿ ಪ್ರಾರ್ಥನೆಗೆ ಬಾ ಎಂದರೆ ಪ್ರಾಕ್ಟೀಸ್ ಇದೆ ಎಂಬ ಉತ್ತರ. ತಪಸ್ಸು ಕಾಲ ಅಲ್ವ, ಹುಡುಗ ಉಪವಾಸ ಮಾಡ್ತಾನೆ, ಬಿಡಿ ಎಂದಳು ಸಿಸಿಲಿಯಾ. ನಮ್ಮ ಉಪವಾಸದಲ್ಲಿ ನೀರು ಕುಡಿಯಬಾರದು ಎಂದು ಯಾವ ಪಾದ್ರಿ ಹೇಳಿದ್ದಾರೆ ಎಂದು ಜೋಕಿಮ್ ಕೇಳಿದ. ಅವಳು ಒಲೆಯ ಕಡೆ ತಿರುಗಿಕೊಂಡಳು. ಅವನಿಗೆ ಅಷ್ಟೇ ಸಾಕಾಯಿತು. ಮಗನ ಜೀವದ ಗೆಳೆಯ ನಿಯಾಝ್, ಖೈತಾನ್‌ನ ಬ್ಯಾರಿ ಮುಸ್ಲಿಮರ ಹುಡುಗ, ಅದೇ ತಂಡದ ಗೋಲ್‌ಕೀಪರ್. ಅವನೇ ಮಗನನ್ನು ತನ್ನ ಧರ್ಮಕ್ಕೆ ಎಳೆಯುತ್ತಿದ್ದಾನೆ ಎಂದು ಜೋಕಿಮ್ ತೀರ್ಮಾನಿಸಿಬಿಟ್ಟ. ಇರುವವನೊಬ್ಬನೇ ಮಗ. ಅವನು ಕೈತಪ್ಪಿದರೆ ತನಗೆ ಉಳಿಯುವುದೇನು ಎಂಬ ಭಯದಲ್ಲಿ ಮನುಷ್ಯ ಸೊರಗಿಹೋದ. ಮಗನನ್ನು ನೇರವಾಗಿ ಕೇಳಲು ಮಾತ್ರ ಬಾಯಿ ಬರಲಿಲ್ಲ.

ಒಂದು ಶುಕ್ರವಾರ ಡ್ಯೂಟಿ ಮುಗಿಸಿದವನೇ ಮನೆಗೂ ಹೋಗದೆ ಕಾಲೇಜು ಮೈದಾನಕ್ಕೆ ಬಂದ. ತಂತಿಬೇಲಿಯ ಆಚೆ ಕಾರು ನಿಲ್ಲಿಸಿ ಕಳ್ಳನ ಹಾಗೆ ನೋಡುತ್ತ ಕೂತ. ಹುಡುಗರು ಓಡಿ ಓಡಿ ಬಸವಳಿದಿದ್ದರು. ಡಿಲನ್ ತುಟಿಗೂ ನೀರು ಮುಟ್ಟಿಸಲಿಲ್ಲ. ಮಸೀದಿಯಿಂದ ಸಂಜೆಯ ಬಾಂಗು ಕೇಳಿದ್ದೇ ಎಲ್ಲರೂ ಚಾಪೆಯ ಮೇಲೆ ಕೂತರು. ಡಿಲನ್ ಒಬ್ಬೊಬ್ಬರಿಗೂ ಖರ್ಜೂರ ಹಂಚಿ ಕೊನೆಯದನ್ನು ತಾನು ತಿಂದ. ಆಮೇಲೆ ನಿಯಾಝ್ ಒಂದು ದೊಡ್ಡ ಡಬ್ಬಿಯನ್ನು ಅವನ ಮುಂದೆ ಇಟ್ಟ.

ಮಾಂಸ! ಅದನ್ನು ಮುಟ್ಟಲೇಬಾರದ ತಪಸ್ಸು ಕಾಲದ ಶುಕ್ರವಾರ! ಜೋಕಿಮ್ ಗೇಟು ದಾಟಿ ನುಗ್ಗಿ, ಮಗನ ಮುಂದಿದ್ದ ಡಬ್ಬಿಗೆ ಕೈ ಹಾಕಿದ.

"ನಿನ್ನ ಮನೆಯವರಿಗೆ ನನ್ನ ಮಗನೇ ಬೇಕಿತ್ತಾ?" ಎಂದು ನಿಯಾಝ್‌ನನ್ನು ಕೇಳುತ್ತಲೇ ಮುಚ್ಚಳ ತೆಗೆದ.

ಒಳಗೆ ಅಕ್ಕಿ ಪತ್ತಿರ್ ರೊಟ್ಟಿ. ಪಕ್ಕದ ಕರಡಿಗೆಯಲ್ಲಿ ಬಂಗುಡೆ ಮೀನಿನ ಸಾರು. ಮೀನಿಗೆ ತಪಸ್ಸು ಕಾಲದಲ್ಲಿ ಅಡ್ಡಿಯಿಲ್ಲ.

ನಿಯಾಝ್ ತಲೆ ತಗ್ಗಿಸಿಕೊಂಡೇ ವಿಷಯ ಹೇಳಿದ. ಉಪವಾಸದಲ್ಲಿರುವವರು ಓಡಲಾರರು, ಹಬ್ಬ ಮುಗಿಯುವವರೆಗೆ ಅವರು ಹೊರಗಿರಲಿ ಎಂದು ಕೋಚ್ ಹೇಳಿದ್ದರಂತೆ. ಹಾಗಾದರೆ ನನ್ನನ್ನೂ ಹೊರಗಿಡಿ ಎಂದು ಡಿಲನ್ ಪಟ್ಟು ಹಿಡಿದನಂತೆ. ಅವತ್ತಿನಿಂದ ಅವರ ಜೊತೆ ಅವನೂ ನೀರು ಬಿಟ್ಟು, ಅವರಷ್ಟೇ ಬಾಯಾರಿ, ಅವರಿಗಿಂತ ಹೆಚ್ಚು ಓಡಿ ತೋರಿಸಿದ್ದನಂತೆ. ಶುಕ್ರವಾರ ಕ್ಯಾಪ್ಟನ್ ಮಾಂಸ ತಿನ್ನುವುದಿಲ್ಲ ಎಂದು ಗೊತ್ತಾದ ಮೇಲೆ ನಿಯಾಝ್‌ನ ಉಮ್ಮ ಅಲೀಮಾ ಶುಕ್ರವಾರಗಳಂದು ಮನೆಯಲ್ಲಿ ಯಾರಿಗೂ ಮಾಂಸ ಬೇಯಿಸಿರಲಿಲ್ಲ.

ಡಿಲನ್ ಅಪ್ಪನ ಕಡೆ ನೋಡಲಿಲ್ಲ. ಗೆಳೆಯನ ಕಡೆ ತಿರುಗಿದ.

"ಸಾರಿ ನಿಯಾಝ್. ಪಪ್ಪನ ಪರವಾಗಿ ನಾನು ಕ್ಷಮೆ ಕೇಳ್ತೇನೆ. ನಿನ್ನ ಉಮ್ಮನಿಗೂ ಹೇಳು."

ತನ್ನ ತಪ್ಪಿಗೆ ಮಗ ಎಲ್ಲರೆದುರು ಕ್ಷಮೆ ಕೇಳುವುದನ್ನು ನೋಡುತ್ತ ನಿಂತ ಜೋಕಿಮ್‌ಗೆ ನಾಚಿಕೆಯಿಂದ ಕಣ್ಣು ತುಂಬಿತು. ನಿಯಾಝ್ ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಮಾಡಿದ.

"ಕೂತ್ಕೊಳ್ಳಿ ಅಂಕಲ್. ಮಾಂಸ ಇಲ್ಲ, ನೀವೂ ತಿನ್ಬಹುದು."

ಆಗ ನೆನಪಾಯಿತು ಜೋಕಿಮ್‌ಗೆ. ಮಗನ ಧರ್ಮದ ಚಿಂತೆಯಲ್ಲೇ ಮುಳುಗಿ, ಮಧ್ಯಾಹ್ನ ಉಪವಾಸವಿಲ್ಲದವರಿಗಾಗಿ ತೆರೆದಿದ್ದ ಪ್ಲಾಂಟಿನ ಮೆಸ್ಸಿನಲ್ಲಿ ತಟ್ಟೆ ತುಂಬ ಕೋಳಿ ಬಿರಿಯಾನಿ ಹೊಡೆದಿದ್ದ. ಎರಡನೇ ಸಲ ಹಾಕಿಸಿಕೊಂಡೂ ಇದ್ದ. ಶುಕ್ರವಾರ ಎಂಬುದೇ ತಲೆಗೆ ಹೋಗಿರಲಿಲ್ಲ.

"ಮಗಾ," ಅಂದ ಸಣ್ಣ ದನಿಯಲ್ಲಿ, "ನಾನು ಮಧ್ಯಾಹ್ನ ಬಿರಿಯಾನಿ ತಿಂದೆ."

ಡಿಲನ್ ಈಗ ಅಪ್ಪನ ಮುಖ ನೋಡಿದ.

"ನಾನು ಕೇಳ್ಲಿಲ್ಲ ಅಲ್ವ ಪಪ್ಪ. ಕೂತ್ಕೊಳ್ಳಿ, ಇವರಿಗೆಲ್ಲ ಹಸಿವಾಗಿದೆ."

ಡಬ್ಬಿಗೆ ಯಾರೂ ಕೈ ಹಾಕಿರಲಿಲ್ಲ. ಜೋಕಿಮ್ ಬೂಟು ಬಿಚ್ಚಿ ಚಾಪೆಯ ಮೇಲೆ ಕೂತ.